ಮೂತಿ ಜಾರುತ್ತಿದ್ದ ಲೆನ್ಸು

ಚೀಲದ ಜಿಪ್ ಎಳೆದ ತಕ್ಷಣ ಮೂಗಿಗೆ ಬಡಿದದ್ದು ಕೊಬ್ಬರಿ ಎಣ್ಣೆಯ ಕಮಟು. ಕ್ಯಾಮೆರಾ ಚೀಲದಲ್ಲಿ ಎಣ್ಣೆ ವಾಸನೆ ಯಾಕೆ ಅಂತ ಮೊಮ್ಮಗಳು ಮೂಗು ಮುರಿದಳು. ನನಗೆ ಗೊತ್ತಿತ್ತು. ಒಳಗಿದ್ದ ಲೆನ್ಸಿನ ಕುತ್ತಿಗೆಗೆ ಬಟ್ಟೆ ಹೊದಿಸಿದ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿತ್ತು. ಅದು ಇವಳದೇ ಜುಟ್ಟಿನದು, ಮೂರು ವರ್ಷದವಳಿದ್ದಾಗಿನದು. ಎಣ್ಣೆ ನನ್ನ ಕೈಯದು.

ಚೀಲ ತಂದುಕೊಟ್ಟು ಹೋದವನು ಹಿಂದೆ ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಟೀಚರಮ್ಮನ ಅಣ್ಣನ ಮಗ. ಹೋದ ತಿಂಗಳು ಗಿರಿನಗರದ ಅವನ ಮನೆಯಲ್ಲೇ ಅವರು ತೀರಿಕೊಂಡರಂತೆ. "ಇದು ಕೆಳಗಿನ ಮನೆ ಮಗೂಗೆ ಅಂತ ಹೇಳಿದ್ರು" ಅಂದ. ಕೆಳಗಿನ ಮನೆ ಅಜ್ಜಿಗೆ ಏನು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಮದುವೆಯಾದವರಲ್ಲ. ರಿಟೈರ್ ಆಗಿ ಯಡಿಯೂರಿನ ನಮ್ಮ ಮನೆಗೆ ಬಂದಾಗ ಪಾತ್ರೆ ಕಮ್ಮಿ, ಪುಸ್ತಕ ಜಾಸ್ತಿ, ಕುತ್ತಿಗೆಯಲ್ಲೊಂದು ಕ್ಯಾಮೆರಾ. ಸೊಸೆ ಕೆಲಸಕ್ಕೆ ಹೋಗುತ್ತಿದ್ದಳು, ಮಗು ನನ್ನ ಪಾಲು. ಎಣ್ಣೆ ಹಚ್ಚುವುದು, ನೀರು ಹಾಕುವುದು, ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು, ಮುದ್ದೆ ನುಂಗಿಸುವುದು, ತೊಳೆಯುವುದು ಎಲ್ಲ ನಾನು. ಟೀಚರಮ್ಮ ಮೇಲಿನಿಂದ ಒಂದು 'ಕೂ' ಅಂದರೆ ಸಾಕು, ಬಾಯಲ್ಲಿ ತುತ್ತಿಟ್ಟುಕೊಂಡೇ ಮಗು ಮೆಟ್ಟಿಲಿನ ಕಡೆ ಓಡುತ್ತಿತ್ತು. ನಾನು ಬರೀ ಅಜ್ಜಿ. ಅವರು ಕ್ಲಿಕ್ಕಜ್ಜಿ.

ಅವರ ಹತ್ತಿರ ಇದ್ದ ಲೆನ್ಸು ಸಮೀಪಕ್ಕೆ ಮಾತ್ರ ಆಗುತ್ತಿತ್ತು. ಸಮೀಪ ಹೋದರೆ ಮಗು ಹಲ್ಲು ಕಿರಿದು ನಿಂತುಬಿಡುತ್ತಿತ್ತು, ಇಲ್ಲವೇ ಕ್ಯಾಮೆರಾ ಕಿತ್ತುಕೊಳ್ಳಲು ಬರುತ್ತಿತ್ತು. "ದೂರದಿಂದ ತೆಗೀಬೇಕು ಕಣ್ರೀ. ನಾವು ನೋಡ್ತಿದೀವಿ ಅಂತ ಗೊತ್ತಾಗ್ಬಾರ್ದು. ಆಗ್ಲೇ ಮಗು ಮಗು ಥರ ಇರತ್ತೆ" ಅನ್ನುತ್ತಿದ್ದರು. ಪೆನ್ಷನ್ನಿನಲ್ಲಿ ಎಟುಕುವಂಥ ಜೂಮ್ ಲೆನ್ಸು ಬೇಕು ಅಂತ ಜಯನಗರದ ಒಂದು ಹಳೇ ಕ್ಯಾಮೆರಾ ಅಂಗಡಿಗೆ ಹೊರಟರು. ಜೊತೆಗೆ ಮಗುವನ್ನೂ ಕರೆದರು. ಮಗುವನ್ನು ಅವರ ಜೊತೆ ಒಂಟಿಯಾಗಿ ಕಳಿಸುವವಳಲ್ಲ ನಾನು. ಸೆರಗು ಸಿಕ್ಕಿಸಿ ಹೊರಟೆ.

ಅಂಗಡಿಯವನು ಮೊದಲು ದಪ್ಪನೆಯದೊಂದನ್ನು ಇಟ್ಟ. "ಮನೆ ಒಳಗೆ ಲೈಟ್ ಕಮ್ಮಿ ಇದ್ರೂ ಸಖತ್ತಾಗಿ ಬರತ್ತೆ ಮೇಡಂ. ಹಳೇದು ಅಂತ ರೇಟೂ ಇಳಿಸಿದೀನಿ." ಇಳಿಸಿದ್ದೂ ಜಾಸ್ತಿಯೇ ಇತ್ತು. ಟೀಚರಮ್ಮ ಅದನ್ನು ಕಣ್ಣಿಗೆ ಹಿಡಿದು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಕೆಳಗಿಟ್ಟರು. "ಗುಂಡುಕಲ್ಲು ಇದ್ದಂಗಿದೆಯಪ್ಪ. ಮಗು ನಗೋ ಹೊತ್ತಿಗೆ ನನ್ನ ಕೈ ಸೋತಿರತ್ತೆ."

ಎರಡನೆಯದು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಅಗ್ಗ. ಆದರೆ ಗುರಿ ಹಿಡಿಯುವ ಮೊದಲು ಗುರ್ ಗುರ್ ಅಂತ ಹಿಂದೆ ಮುಂದೆ ತಡಕಾಡುತ್ತಿತ್ತು. ಇದನ್ನು ಕೊಂಡರೆ ಈಯಮ್ಮನಿಗೆ ಒಂದು ಫೋಟೋನೂ ದಕ್ಕುವುದಿಲ್ಲ ಅಂತ ಗೊತ್ತಾಗಿಯೇ ನಾನು ಹೇಳಿದೆ, "ಇದನ್ನೇ ತಗೊಳ್ಳಿ ಟೀಚರಮ್ಮ. ಉದ್ದಕ್ಕೂ ಇದೆ, ಕಮ್ಮಿಗೂ ಬಂತು."

ಅವರು ಮಗುವನ್ನು ಅಂಗಡಿ ಬಾಗಿಲಿನಿಂದ ಎಳನೀರಿನ ಗಾಡಿಯವರೆಗೆ ಓಡಿಸಿ ನಾಲ್ಕು ಸಲ ತೆಗೆದು ನೋಡಿದರು. ನಾಲ್ಕರಲ್ಲೂ ಎಳನೀರು ಚೆನ್ನಾಗಿ ಬಂದಿತ್ತು.

"ಇದು ಕೂತಿರೋ ಹಕ್ಕಿಗೆ ಸರಿ. ನಮ್ಮ ಮಗು ಕೂರಲ್ಲ" ಅಂದರು. ನಮ್ಮ ಮಗು... ಯಾರ ಮಗು?

ಮೂರನೆಯದು ಯಾರೋ ಬಳಸಿ ಬಿಟ್ಟದ್ದು, ಬಣ್ಣ ಹೋಗಿತ್ತು. ಹಗುರ. ಸಮೀಪಕ್ಕೂ ಆಗುತ್ತಿತ್ತು, ರಸ್ತೆಯ ಆಚೆಗೂ ಆಗುತ್ತಿತ್ತು, ತಟ್ಟನೆ ಹಿಡಿಯುತ್ತಿತ್ತು. ಕೆಳಕ್ಕೆ ಬಗ್ಗಿಸಿದರೆ ಮಾತ್ರ ಮೂತಿ ತಾನಾಗಿಯೇ ಜಾರಿ ಉದ್ದವಾಗುತ್ತಿತ್ತು. ಅದನ್ನು ಕಂಡುಹಿಡಿದವಳು ನಾನೇ. ಬೇಡ ಅನ್ನಲಿ ಅಂತ ತೋರಿಸಿದೆ. ಅಂಗಡಿಯವನು ತಲೆ ಕೆರೆದುಕೊಂಡು ರೇಟು ಇನ್ನಷ್ಟು ಇಳಿಸಿದ. ನನ್ನ ಹೊಟ್ಟೆಕಿಚ್ಚಿನಿಂದ ಅವರಿಗೆ ಅಗ್ಗವಾಯಿತು. ಟೀಚರಮ್ಮ ಬಗ್ಗಿ ಮಗುವಿನ ಜುಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಲೆನ್ಸಿಗೆ ಸುತ್ತಿದರು. ಮೂತಿ ನಿಂತಿತು. ಬೆಳಿಗ್ಗೆ ನಾನು ಬಾಚಿ ಕಟ್ಟಿದ್ದ ಜುಟ್ಟು ಕೆದರಿ ಹೋಯಿತು. ಅದಕ್ಕೂ ಮಗು ಕುಣಿಯಿತು.

ಆಮೇಲೆ ಮೇಲಿನ ಬಾಲ್ಕನಿಯಿಂದ ನಮ್ಮ ಅಂಗಳದ ಮೇಲೆ ಆ ಮೂತಿ ನೆಟ್ಟೇ ಇರುತ್ತಿತ್ತು. ಒಂದು ದಿನ ಫೋಟೋ ಪ್ರಿಂಟ್ ಹಾಕಿಸಿ ತಂದರು. ಮೊರದ ಪಕ್ಕ ಕೂತು ಮಗು ಇರುವೆಗೆ ಏನೋ ಹೇಳಿ ನಗುತ್ತಿತ್ತು. ಅಂಥ ನಗು ನಾನು ಕಂಡಿರಲಿಲ್ಲ. ಮೊರ ನನ್ನದು, ಪಕ್ಕದಲ್ಲಿದ್ದವಳು ನಾನು. ನಾನು ಅಕ್ಕಿಯ ಕಲ್ಲು ನೋಡುತ್ತಿದ್ದೆ, ನಗು ಅವರ ಪಾಲಾಗಿತ್ತು. ನನಗೆ ಸಿಗುತ್ತಿದ್ದದ್ದು ಸೋರುವ ಮೂಗು, ಊಟ ಬೇಡ ಅನ್ನುವ ಮುಖ.

ಮಾರನೇ ದಿನ ನಾನು ಮೇಲೆ ಹೋಗಿದ್ದೆ. ಅವರು ಹಾಲು ಕಾಯಿಸಲು ಒಳಗಿದ್ದರು, ಕ್ಯಾಮೆರಾ ಮೇಜಿನ ಮೇಲಿತ್ತು. ಮಗುವಿಗೆ ಬೊಟ್ಟಿಟ್ಟ ಕಾಡಿಗೆ ಇನ್ನೂ ಬೆರಳಲ್ಲೇ ಇತ್ತು. ಲೆನ್ಸಿನ ಗಾಜಿಗೆ ಇಟ್ಟೆ. ದಿನವಿಡೀ ಮಗುವನ್ನೇ ನೋಡುವ ಕಣ್ಣು, ದೃಷ್ಟಿ ತಾಗಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಫೋಟೋ ಕೆಡಲಿ ಅಂತಲೇ ಇಟ್ಟದ್ದು.

ಕೆಡಲಿಲ್ಲ. ಮುಂದಿನ ಸಲದ ಫೋಟೋಗಳಲ್ಲಿ ಚುಕ್ಕೆ ಹುಡುಕಿ ಹುಡುಕಿ ನನಗೆ ಕಣ್ಣುನೋವು ಬಂತು. ಕಪ್ಪು ಇದ್ದದ್ದು ಮಗುವಿನ ಕೆನ್ನೆಯಲ್ಲಿ ಮಾತ್ರ. ಟೀಚರಮ್ಮ ಲೋಟಕ್ಕೆ ಕಾಫಿ ಬಗ್ಗಿಸುತ್ತಾ, "ಲೆನ್ಸಿನ ಮುಂದಿನ ಗಾಜಲ್ಲಿ ಅಷ್ಟು ಸಣ್ಣ ಬೊಟ್ಟಿದ್ರೆ ಫೋಟೋದಲ್ಲಿ ಕಾಣಲ್ಲ ಕಣ್ರೀ" ಅಂದರು. ನಾನು ತಲೆ ಎತ್ತಲಿಲ್ಲ. "ನಾನೂ ಒರೆಸಿಲ್ಲ. ಇರ್ಲಿ ಬಿಡಿ, ನನ್ನ ಕಣ್ಣೇ ತಾಗಿಬಿಟ್ರೆ?" ಕುಟುಕಿದರೋ, ನಿಜವಾಗಿ ನಂಬಿದ್ದರೋ... ಇವತ್ತಿಗೂ ಗೊತ್ತಿಲ್ಲ. ಕಾಫಿ ಎಂದಿನ ಹಾಗೇ ಇತ್ತು.

ಮಂಡಿ ಸೋತು ಮೆಟ್ಟಿಲು ಹತ್ತಲಾಗದೆ ಅವರು ಗಿರಿನಗರಕ್ಕೆ ಹೋದರು. ಒಂದು ಸಲ ನೋಡಿ ಬರೋಣ ಅಂತ ಮೊಮ್ಮಗಳು ಎಷ್ಟೋ ಸಲ ಕರೆದಳು. ಬಿಸಿಲು ಅಂದೆ, ಹಬ್ಬ ಅಂದೆ, ಹೋಗಲಿಲ್ಲ. ಹೋಗಬೇಕಿತ್ತು.

ಈಗ ಒಂಬತ್ತನೇ ಕ್ಲಾಸಿನ ಆ ಮಗು ನಿನ್ನೆ ಲೆನ್ಸು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನು ಸತ್ತರೆ ಇಷ್ಟು ಅಳುತ್ತಾಳಾ ಅಂತ ನೋಡುತ್ತಾ ಕೂತೆ. ಕಣ್ಣೊರೆಸಿಕೊಂಡು ಮುಚ್ಚಳ ತೆಗೆದಳು. ಗಾಜು ಫಳಫಳ ಅನ್ನುತ್ತಿತ್ತು, ಅಂಚಿನಲ್ಲಿ ಒಣಗಿದ ಒಂದು ಕಪ್ಪು ಚುಕ್ಕೆ. ಇಷ್ಟು ವರ್ಷ ಸುತ್ತಲೂ ಒರೆಸಿ ಅದೊಂದನ್ನು ಬಿಟ್ಟಿದ್ದಾರೆ.

"ಏನಜ್ಜಿ ಇದು, ಕೊಳೆ?" ಅಂತ ಬಟ್ಟೆ ತೆಗೆದುಕೊಂಡಳು.

"ಒರೆಸ್ಬೇಡ. ನಾನಿಟ್ಟಿದ್ದು ಅದು" ಅಂದೆ. ಯಾಕೆ ಅಂತ ಕೇಳಿದಳು. ಮುಖ ತೊಳ್ಕೊಂಡು ಬಾ ಅಂದೆ.

ಅವಳು ಮುಖ ತೊಳೆಯಲು ಹೋದಾಗ ರಬ್ಬರ್ ಬ್ಯಾಂಡ್ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇವತ್ತು ಬೆಳಿಗ್ಗೆಯಿಂದ ಹುಡುಕುತ್ತಿದ್ದಾಳೆ. "ಅಜ್ಜಿ, ಅದಿಲ್ದೆ ಮೂತಿ ಜಾರತ್ತೆ." ಜಾರಲಿ. ನಾಳೆ ಕೊಡುತ್ತೇನೆ... ಮೊರ ಹಿಡಿದು ಅಂಗಳದಲ್ಲಿ ಕೂತಿದ್ದೇನೆ. ಮೇಲ್ಮನೆ ಖಾಲಿ, ಬಾಲ್ಕನಿಯಲ್ಲಿ ಯಾರೂ ಇಲ್ಲ. ಆದರೂ ಕೂರುವ ಮೊದಲು ಸೆರಗು ಸರಿಮಾಡಿಕೊಂಡೆ.