ಜಯದೇವಿ ಬರೆದ ಬೇವಿನ ಗಿಡ

ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನದೊಂದು ಬಣ್ಣದ ಅಂಗಡಿ. ಮದುವೆ ಮನೆಗೆ ಸುಣ್ಣ ಹೊಡೆಸುವವರು, ಎಲೆಕ್ಷನ್ನಿಗೆ ಗೋಡೆ ಬರೆಸುವವರು, ಸೋತ ಮೇಲೆ ಅದನ್ನು ಅಳಿಸುವವರು, ಎಲ್ಲರೂ ನನ್ನ ಗಿರಾಕಿಗಳೇ. ಬರೆಯುವವನಿಗೂ ಮಾರುತ್ತೇನೆ, ಅಳಿಸುವವನಿಗೂ ಮಾರುತ್ತೇನೆ. ಹಾಗಾಗಿ ಈ ಊರಿನ ಗೋಡೆಗಳ ವಿಷಯದಲ್ಲಿ ನಾನು ಯಾರ ಪಕ್ಷದವನೂ ಅಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಅಂಗಡಿಯ ಎದುರಿನ ಗೋದಾಮಿನ ಗೋಡೆ ಆ ನಂಬಿಕೆಯನ್ನು ಕೆಡಿಸಿತು. ಕೆಡಿಸಿದವಳು ಕಮಲಾಪುರದ ಜಯದೇವಿ.

ಜಯದೇವಿಯ ಅಪ್ಪ ಮಲ್ಲಣ್ಣನದು ಕೆಂಪು ಬಾಳೆಯ ತೋಟ. ಗೊನೆ ಹೇರಿಕೊಂಡು ಕಲಬುರಗಿಗೆ ಬರುವ ಟೆಂಪೋಗಳ ಹಿಂಬದಿಗೆ ನವಿಲು, ಹೂವು ಬರೆಯುತ್ತ ಈಕೆಯ ಕೈ ಪಳಗಿತು. ಆಮೇಲೆ ಅದೇ ಟೆಂಪೋ ಹತ್ತಿ ನಬಿಸಾಬರನ್ನು ಹುಡುಕಿಕೊಂಡು ಬಂದಳು. ನಬಿಸಾಬರೆಂದರೆ ಈ ಊರಿನ ಪೇಂಟರುಗಳಿಗೆಲ್ಲ ಉಸ್ತಾದ್. ಹೆಣ್ಣುಮಗಳು ನಿಚ್ಚಣಿಕೆ ಏರುವುದೆಂದರೇನು ಎಂದು ಅವರು ಮೊದಲು ಮುಖ ತಿರುಗಿಸಿದರು.

"ಕೆಳಗ ನಿಂತು ಬಣ್ಣ ಕಲಸವ್ವಾ, ಸಾಕು."

"ಚಾಚಾ, ನಿಮ್ಮ ಕಾಲು ನಡುಗಾಕತ್ತಾವ. ನೀವ ಕೆಳಗ ನಿಂದರ್ರಿ, ನಾ ಮ್ಯಾಲ ಏರ್ತೇನಿ."

ಅಂದಿನಿಂದ ಉಸ್ತಾದರು ಕೆಳಗೆ, ಶಿಷ್ಯೆ ಮೇಲೆ. ಅವರು ಬೈಯುತ್ತ ಕಲಿಸಿದರು, ಈಕೆ ಎದುರಾಡುತ್ತ ಕಲಿತಳು.

ಫ್ಲೆಕ್ಸ್ ಬಂದು ಬೋರ್ಡು ಬರೆಸುವವರೇ ಇಲ್ಲದಂತಾದಾಗ ಬೇರೆ ಪೇಂಟರುಗಳು ಮನೆಗೆ ಡಿಸ್ಟೆಂಪರ್ ಹೊಡೆಯಲು ಹೋದರು. ಜಯದೇವಿ ಶಾಲೆ, ಅಂಗನವಾಡಿಗಳ ಗೋಡೆ ಬರೆದು ಹೊಟ್ಟೆ ಹೊರೆದುಕೊಂಡಳು. ಹೊಟ್ಟೆ ತುಂಬಿದ ಮೇಲೆ ಸುಮ್ಮನಿರಬೇಕಲ್ಲ, ಇರಲಿಲ್ಲ. ಯಾರೂ ಹೇಳದ ಕಡೆಯೂ ಬರೆಯತೊಡಗಿದಳು. ನಂದೂರಿನ ಒಂದು ಬೇಳೆ ಮಿಲ್ಲಿನ ಗೋಡೆಯ ಮೇಲೆ ಚೀಲ ಹೊರುವ ಹಮಾಲರ ಸಾಲು ಬರೆದಳು. ಸಾಲಿನ ಕೊನೆಯಲ್ಲಿ ಕುರ್ಚಿಯ ಮೇಲೆ ಒಂದು ದೊಡ್ಡ ಹೊಟ್ಟೆ. ಮುಖ ಬರೆದಿರಲಿಲ್ಲ; ಆದರೂ ಮಾಲಕರಿಗೆ ತಮ್ಮ ಗುರುತು ಹತ್ತಿತು. ಹೊಟ್ಟೆಯನ್ನಷ್ಟೇ ಅಳಿಸು ಎಂದು ಹೇಳಿ ಕಳಿಸಿದರು. "ನೀವ ಮೊದಲ ಇಳಸ್ರಿ, ಆಮ್ಯಾಲ ನಾ ಅಳಸ್ತೇನಿ" ಎಂದು ಈಕೆ ತಿರುಗಿ ಹೇಳಿ ಕಳಿಸಿದಳು. ಹೊಟ್ಟೆ ಎರಡು ಕಡೆಯೂ ಇನ್ನೂ ಹಾಗೇ ಇದೆ.

ಮಾಲಕರು ಬೇರೆ ಪೇಂಟರನನ್ನು ಕರೆಸಿ ಅಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ನಬಿಸಾಬರ ಗರಡಿಯ ಪೇಂಟರುಗಳಲ್ಲಿ ಒಂದು ಪದ್ಧತಿ ಇದೆ: ಒಬ್ಬರು ಕೈಯಿಂದ ಬರೆದದ್ದರ ಮೇಲೆ ಇನ್ನೊಬ್ಬರು ಸುಣ್ಣ ಹಚ್ಚುವಂತಿಲ್ಲ. ಬರೆದವರೇ ಬಂದು ಮೊದಲ ಸುಣ್ಣ ಎಳೆಯಬೇಕು. ಆಮೇಲೆ ಮುಂದಿನ ಕೆಲಸ ಯಾರು ಮಾಡಿದರೂ ನಡೆಯುತ್ತದೆ. ಬರೆದವರು ತೀರಿಕೊಂಡಿದ್ದರೆ ಅವರ ಶಿಷ್ಯರು ಬರಬೇಕು. ಹೊರಗಿನವರನ್ನು ಕರೆಸಿ ಸುಣ್ಣ ಹಚ್ಚಿಸಿದವರ ಕೆಲಸಕ್ಕೆ ಮುಂದೆ ಈ ಊರಿನ ಒಬ್ಬ ಪೇಂಟರನೂ ಬರುವುದಿಲ್ಲ. ಫ್ಲೆಕ್ಸಿಗೆ, ಅಂಟಿಸಿದ ಪೋಸ್ಟರಿಗೆ ಈ ಮರ್ಯಾದೆ ಇಲ್ಲ. ಚಿತ್ರವಿರಲಿ, ಅಕ್ಷರವಿರಲಿ, ಕೈಯ ಕೆಲಸಕ್ಕೆ ಮಾತ್ರ.

ಈಗ ಬೇವಿನ ಗಿಡದ ವಿಷಯ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ. ಗೋದಾಮಿನ ಗೋಡೆಯ ಮುಂದೆ ನಾಲ್ಕು ಮಂದಿ ಕೈ ಹಿಡಿದರೂ ತಬ್ಬಲಾಗದ ಬೇವು ಇತ್ತು. ಅದೇ ಸಿಟಿ ಬಸ್ಸಿನ ಸ್ಟಾಪು. ಚಪ್ಪರವಿಲ್ಲ, ಕಟ್ಟೆಯಿಲ್ಲ, ಬೋರ್ಡೂ ಇಲ್ಲ. ಕಂಡಕ್ಟರ್ "ಬೇವಿನ ಗಿಡಾ, ಇಳೀರಿ" ಎಂದು ಕೂಗುತ್ತಿದ್ದ, ಇಳಿಯುತ್ತಿದ್ದರು. ಕೋಟನೂರಿನಿಂದ ದವಾಖಾನೆಗೆ ಬರುವ ಬಸುರಿಯರು, ಬಾಣಂತಿಯರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು ಅದರ ಕೆಳಗೆ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ಬುಡದಲ್ಲಿ ಅಕ್ಬರಿ ಬೇಗಂ ಮಲ್ಲಣ್ಣನ ತೋಟದ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು.

ಹೋದ ವರ್ಷ ರಸ್ತೆ ಅಗಲ ಮಾಡಬೇಕೆಂದು ಒಂದು ಮುಂಜಾನೆಯಲ್ಲಿ ಅದನ್ನು ಕೆಡವಿದರು. ಬೊಡ್ಡೆ ಕೆಲವು ದಿನ ಹಲ್ಲಿನ ಬೇರಿನಂತೆ ಉಳಿದಿತ್ತು. ಅದನ್ನೂ ಕಿತ್ತು ಮೇಲೆ ಟೈಲ್ಸ್ ಕೂರಿಸಿದರು. ರಸ್ತೆ ಅಗಲವಾಯಿತು, ಸುಳ್ಳೇಕೆ ಹೇಳಲಿ. ಆ ಅಗಲದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಕಲಬುರಗಿಯ ಬೇಸಿಗೆಯಲ್ಲಿ ನೆರಳನ್ನು ಕಡಿಯಲು ಹೇಳುವವನು ಒಂದು ಮಧ್ಯಾಹ್ನ ಚಪ್ಪಲಿ ಬಿಟ್ಟು ಅಲ್ಲಿ ನಿಂತು ನೋಡಬೇಕಿತ್ತು. ಅವನು ಜೀಪಿನಿಂದ ಇಳಿಯಲೇ ಇಲ್ಲ, ಒಳಗೆ ತಣ್ಣಗಿತ್ತು.

ಮರುವಾರ ಜಯದೇವಿ ಅಂಗಡಿಗೆ ಬಂದಳು.

"ಸಾವಕಾರ್ರ, ಹಸರ ಬಣ್ಣ ಕೊಡ್ರಿ."

"ಯಾವ ಗ್ವಾಡಿಗಿ ಬಂತವ್ವಾ ಆರ್ಡರ್?"

"ಆರ್ಡರ್ ಯಾರೂ ಕೊಟ್ಟಿಲ್ಲ. ಬರೋ ವರ್ಷ ಇಲ್ಲಿ ಗಿಡ ಇತ್ತು ಅಂದ್ರ ಮಂದಿ ನಗ್ತಾರ. ಇತ್ತು ಅಂತ ಹೇಳಾಕ ಏನರ ಬೇಕಲ್ರೀ. ನನಗ ಬರೋದು ಇದೊಂದ."

ಮುಚ್ಚಳಕ್ಕೆ ತುಕ್ಕು ಹಿಡಿದು ಯಾರೂ ಒಯ್ಯದೆ ಕುಳಿತಿದ್ದ ಡಬ್ಬಿಗಳನ್ನು ಕೊಟ್ಟೆ. ದಾನವೆಂದು ಯಾರೂ ಹೊಗಳಬೇಕಾಗಿಲ್ಲ, ಮೂಲೆ ಖಾಲಿಯಾಯಿತು.

ಗಿಡ ಇದ್ದ ಜಾಗದ ಹಿಂದೆಯೇ, ಇದ್ದಷ್ಟೇ ಎತ್ತರಕ್ಕೆ, ಗೋಡೆ ಮುಗಿಯುವವರೆಗೆ ಅದನ್ನು ಬರೆದಳು. ಕೊಂಬೆಗೆ ಸಿಕ್ಕಿಕೊಂಡ ಗಾಳಿಪಟ, ಕಾಂಡಕ್ಕೆ ಯಾರೋ ಹೊಡೆದಿದ್ದ ಮೊಳೆ, ಒಂದನ್ನೂ ಬಿಡಲಿಲ್ಲ. ಬೇರೆ ಕಡೆ ಚೆದುರಿದ್ದ ಮಂದಿ ತಿರುಗಿ ಅಲ್ಲಿಗೇ ಬಂದರು. ಚಿತ್ರದ ಕಾಂಡಕ್ಕೆ ಬೆನ್ನು ಕೊಟ್ಟು ನಿಂತರು. ನೆರಳಿಲ್ಲ, ಹೌದು, ರೂಢಿ ಇತ್ತು. ಅಕ್ಬರಿ ಬೇಗಂ ತಲೆಯ ಮೇಲೊಂದು ಚೀಲ ಹೊದ್ದು ಬುಟ್ಟಿ ಇಳಿಸಿದಳು. ಕಂಡಕ್ಟರ್ ಏನೂ ಆಗಿಲ್ಲವೆಂಬಂತೆ "ಬೇವಿನ ಗಿಡಾ" ಎಂದು ಕೂಗಿದ.

ಹೀಗೆ ಒಂದು ವರ್ಷ ಬಾಳಿದ ಗಿಡಕ್ಕೆ ಎರಡನೆಯ ಕೊಡಲಿ ಬಂತು. ಅದರ ಹೆಸರು ನಗರ ಸೌಂದರ್ಯೀಕರಣ.

ಗುತ್ತಿಗೆ ಹಿಡಿದವನು ಸೂರ್ಯಕಾಂತ, ನನ್ನ ಹಳೆಯ ಗಿರಾಕಿ. ಗೋಡೆಗೆ ಬರೆಸಬೇಕಾದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ತೆಂಗಿನ ಮರಗಳು, ನೀಲಿ ಸಮುದ್ರ, ಅದರಲ್ಲೊಂದು ದೋಣಿ.

"ಏನೋ ಸೂರ್ಯಕಾಂತಾ, ಸೇಡಂ ರಸ್ತೆಗಿ ಸಮುದ್ರ ಯಾವಾಗ ಬಂತು?"

"ಡಿಸೈನ್ ಮ್ಯಾಲಿಂದ ಬಂದದ ಅಣ್ಣಾ. ನೀವು ನೀಲಿ ಬಣ್ಣ ಎಷ್ಟ ಸ್ಟಾಕ್ ಅದ ಹೇಳ್ರಿ."

ಸ್ಟಾಕ್ ಇತ್ತು. ಕೊಟ್ಟೆ. ವ್ಯಾಪಾರ ವ್ಯಾಪಾರವೇ. ಆದರೆ ಅವನ ಪೇಂಟರುಗಳು ಗೋಡೆಯ ಆ ತುದಿಯಿಂದ ಸುಣ್ಣ ಹಚ್ಚುತ್ತ ಬಂದು ಗಿಡದ ಹತ್ತಿರ ಬ್ರಷ್ ಇಳಿಸಿ ಬೀಡಿ ಹಚ್ಚಿದರು. ಎಲ್ಲರೂ ನಬಿಸಾಬರ ಕೈಯಲ್ಲಿ ಕಲಿತವರು. ಸೂರ್ಯಕಾಂತ ರೇಗಿದ, ಗದರಿಸಿದ, ಕೊನೆಗೆ ನಬಿಸಾಬರನ್ನೇ ಆಟೋದಲ್ಲಿ ಕರೆತಂದ. ಮುದುಕರು ಗಿಡವನ್ನು ಮೇಲಿನಿಂದ ಕೆಳಗೆ ನೋಡಿದರು.

"ಆ ಟೊಂಗಿ ಜರಾ ಸೊಟ್ಟ ಬರದಾಳ" ಅಂದರು. "ಆದ್ರ ಬರದ ಕೈ ಬರ್ಬೇಕಪಾ. ಹಮ್ ನಹೀ ಛೂತೇ, ನಾವು ಮುಟ್ಟಂಗಿಲ್ಲ."

ಹೀಗಾಗಿ ಒಂದು ದಿನ ಸೂರ್ಯಕಾಂತ, ಸೌಂದರ್ಯೀಕರಣದ ಇಂಜಿನಿಯರ್ ಸಾಹೇಬರು ಮತ್ತು ದಾರಿ ತೋರಿಸಲು ನಾನು, ಮೂವರೂ ಕಾರಿನಲ್ಲಿ ಕಮಲಾಪುರಕ್ಕೆ ಹೋದೆವು. ಒಂದು ಬ್ರಷ್ ಸುಣ್ಣಕ್ಕಾಗಿ ಸರಕಾರ ಇಷ್ಟು ದೂರ ಹೋದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಯದೇವಿ ತೋಟದಲ್ಲಿ ಬಾಳೆಗೆ ಊರುಗೋಲು ಕೊಡುತ್ತಿದ್ದಳು. ಮಲ್ಲಣ್ಣ ಮಂಚ ಎಳೆದು ಕೂರಿಸಿದ. ಆಕೆ ಹಣ್ಣು ತಂದಿಟ್ಟಳು.

"ತಿನ್ರಿ ಸಾಹೇಬ್ರ. ಬರದ ಹಣ್ಣಲ್ಲ, ಖರೇದವ."

ಸೂರ್ಯಕಾಂತ ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ತಂಗೀ, ಒಂದ ಬ್ರಷ್ ಸುಣ್ಣ. ಅಷ್ಟ. ಬಾಕಿದ್ದು ನಮ್ಮ ಮಂದಿ ನೋಡ್ಕೋತಾರ."

"ಅಣ್ಣಾ, ಒಂದ ಬೇವಿನ ಸಸಿ. ಅಷ್ಟ. ಗಿಡ ಇದ್ದ ಜಾಗಾದಾಗ ಹಚ್ರಿ. ಹಚ್ಚಿದ ದಿನಾನ ಬಂದು ನನ್ನ ಕೈಲೇನ ಸುಣ್ಣ ಎಳೀತೇನಿ. ನಿಮ್ಮ ದೋಣಿ ಬೇಕಾದ್ರ ನಾನ ಬರದು ಕೊಡ್ತೇನಿ."

ಸಾಹೇಬರು ಬೇರೆ ಜಿಲ್ಲೆಯವರು. ಸಿಪ್ಪೆ ಎಲ್ಲಿ ಹಾಕಬೇಕೆಂದು ತೋಚದೆ ಕೈಯಲ್ಲೇ ಹಿಡಿದಿದ್ದರು. "ಅಲ್ಲಿ ಟೈಲ್ಸ್ ಹಾಕಿ ಆಗಿದೆಯಮ್ಮ. ಗಿಡ ನೆಡಲು ಪ್ಲಾನಿನಲ್ಲಿ ಅವಕಾಶ ಇಲ್ಲ."

"ಕಡಿಯಾಕ ಇತ್ತೇನ್ರೀ?"

"ಅದು ರಸ್ತೆ ವಿಭಾಗದವರದ್ದು. ನಮ್ಮದು ಬರೀ ಸೌಂದರ್ಯ."

ಮಲ್ಲಣ್ಣ ನಡುವೆ ಬಾಯಿ ಹಾಕಿದ. "ಕಡಿಯವರು ಬ್ಯಾರೆ, ಚಂದ ಮಾಡವರು ಬ್ಯಾರೆ ಏನ್ರೀ ಸಾಹೇಬ್ರ? ಚಲೋ ಆತು ಬಿಡ್ರಿ. ನಮ್ಮ ತ್ವಾಟದಾಗ ಎರಡೂ ನಾನ ಮಾಡ್ಬೇಕು. ಅದಕ್ಕ ಕಡಿಯೂ ಮುಂದ ಅಂಜ್ತೀನಿ."

ತಿರುಗಿ ಬರುವ ದಾರಿಯಲ್ಲಿ ಊರು ಹತ್ತಿರ ಬಂದಾಗ ಸೂರ್ಯಕಾಂತ ಒಮ್ಮೆಗೇ ನಕ್ಕ. "ಅಣ್ಣಾ, ಪದ್ಧತಿ ಇರೋದು ಸುಣ್ಣಕ್ಕ ಅಲ್ಲೇನ್ರೀ? ನಾ ಸುಣ್ಣ ಹಚ್ಚೋದ ಇಲ್ಲ."

ಅವನ ಬುದ್ಧಿಯನ್ನು ಮೆಚ್ಚಬೇಕು. ಸೊಲ್ಲಾಪುರದಿಂದ ಅಕ್ಷರ ಬರೆಯುವವನೊಬ್ಬನನ್ನು ಕರೆಸಿದ. ಗಿಡದ ಎರಡೂ ಬದಿಗೆ ತೆಂಗು, ಸಮುದ್ರ ಮುಗಿಸಿದ. ಗಿಡವನ್ನು ಅಳಿಸಲಿಲ್ಲ, ಅದರ ಎದೆಯ ಮೇಲೆ ಹಳದಿ ಅಕ್ಷರಗಳಲ್ಲಿ "ಹಸಿರು ನಗರ, ನಮ್ಮ ನಗರ" ಎಂದು ಬರೆಸಿದ. ಸೊಲ್ಲಾಪುರದವನು ಅಂದೇ ಬಸ್ಸು ಹತ್ತಿದ.

ಉದ್ಘಾಟನೆಯ ದಿನ ಅಕ್ಬರಿ ಬೇಗಂಳ ಬುಟ್ಟಿಯನ್ನು ಪಕ್ಕದ ಗಲ್ಲಿಗೆ ಸರಿಸಿದರು; ಬಸ್ಸಿಗೆ ನಿಂತವರನ್ನು ಬಿಸಿಲಿಗೆ ಅಟ್ಟಿದರು. ಸಾಹೇಬರಿಗೆ, ಅತಿಥಿಗಳಿಗೆ ಶಾಮಿಯಾನ ಹಾಕಿದ್ದರು. ಗಿಡ ಕಡಿದ ಜಾಗದಲ್ಲೇ, ಅದೇ ಟೈಲ್ಸಿನ ಮೇಲೆ ನಿಂತು, ಬರೆದ ಬೇವನ್ನು ಬೆನ್ನಿಗಿಟ್ಟುಕೊಂಡು, ಪರಿಸರ ಉಳಿಸಿದ್ದೇವೆ ಎಂದು ಸಾಹೇಬರು ಭಾಷಣ ಮಾಡಿದರು. ನಾನು ವ್ಯಾಪಾರಿ, ಹಳೆಯ ಮಾಲಿಗೆ ಹೊಸ ಚೀಟಿ ಅಂಟಿಸುವುದನ್ನು ನೋಡಿ ಬಲ್ಲೆ. ಆದರೆ ಕದ್ದ ಮಾಲನ್ನು ಕಳಕೊಂಡವರ ಎದುರಿಗೇ ಮಾರಿ, ಅವರಿಂದಲೇ ಚಪ್ಪಾಳೆ ಹೊಡೆಸಿಕೊಳ್ಳುವ ಧೈರ್ಯ ನಮ್ಮ ಬಜಾರಿನಲ್ಲಿ ಯಾರಿಗೂ ಇಲ್ಲ. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಅದು ಕಮಲಾಪುರಕ್ಕೂ ಹೋಯಿತು.

ಅದರ ಮರುದಿನ ಜಯದೇವಿ ಬೆಳಗಿನ ಬಸ್ಸಿಗೇ ಇಳಿದಳು. ಮುಖ ನೋಡಿ ನಾನು ಚಹಾ ಹೇಳುವುದನ್ನೂ ಮರೆತೆ.

"ಸುಣ್ಣ ಕೊಡ್ರಿ."

"ಜಯದೇವೀ, ಅವರು ಬಂದು ಕೇಳಿದಾಗ ಒಲ್ಲೆ ಅಂದಿ..."

"ಅವಾಗ ಅದು ನನ್ನ ಗಿಡ ಇತ್ರೀ. ಈಗ ಅವರ ಸುಳ್ಳಿಗಿ ಸಾಕ್ಷಿ ಹೇಳಾಕತ್ತದ. ನಾ ಬರದದ್ದು ಸುಳ್ಳ ಹೇಳಬಾರದು."

ನಿಚ್ಚಣಿಕೆ ಏರಿ ಮೇಲಿನ ಟೊಂಗೆಯಿಂದ ಸುಣ್ಣ ಎಳೆಯತೊಡಗಿದಳು. ಪಕ್ಕದ ಗಲ್ಲಿಯಲ್ಲಿ ಬುಟ್ಟಿ ಬಿಟ್ಟು ಅಕ್ಬರಿ ಬೇಗಂ ಎದ್ದು ಓಡಿ ಬಂದಳು.

"ಅಯ್ ಬೇಟೀ, ಏನ್ ಮಾಡಾಕತ್ತೀ? ಅವರ ಒಮ್ಮಿ ಕಡದ್ರು, ನೀ ಮತ್ತೊಮ್ಮಿ ಕಡೀತೀ? ನಾ ಎಲ್ಲಿ ಕೂಡ್ಲಿ?"

"ಖಾಲಾ, ಅಲ್ಲೇ ಕೂಡು. ಸಂಜಿತನಕ ತಡೀ."

ಕೊಂಬೆ ಹೋಯಿತು, ಗಾಳಿಪಟ ಹೋಯಿತು. ಹಳದಿ ಅಕ್ಷರಗಳ ಹತ್ತಿರ ಬಂದಾಗ ಮಾತ್ರ ಸಣ್ಣ ಬ್ರಷ್ ತೆಗೆದುಕೊಂಡು ಒಂದೊಂದರ ಸುತ್ತ ಜೋಪಾನವಾಗಿ ಸುಣ್ಣ ತುಂಬಿದಳು. ಅದನ್ನೂ ಒರೆಸಿಬಿಡು ಎಂದು ನಾನು ಕೆಳಗಿನಿಂದ ಕೂಗಿದೆ.

"ಅಕ್ಷರ ನಾ ಬರದಿಲ್ರೀ. ಬರದವ ಬಂದು ತೆಗೀಲಿ."

ಸುಣ್ಣ ಒಣಗಿದ ಮೇಲೆ ಕಂದು ಬಣ್ಣ ಒಯ್ದಳು. ಈ ಸಲ ಹೊಸ ಡಬ್ಬಿಯನ್ನೇ ಕೊಟ್ಟೆ. ಸಂಜೆಯಷ್ಟೊತ್ತಿಗೆ ಗೋಡೆಯ ಮೇಲೆ ಕಡಿದ ಬೊಡ್ಡೆ ನಿಂತಿತ್ತು. ಗರಗಸದ ಗೀರು, ಒಡೆದ ತೊಗಟೆ, ಸುತ್ತ ಬಿದ್ದ ಚಕ್ಕೆ, ಹೋದ ವರ್ಷ ಆ ಮುಂಜಾನೆ ಉಳಿಸಿಹೋಗಿದ್ದಂತೆಯೇ. ಮೇಲೆ ಬೋಳು ಸುಣ್ಣದ ನಡುವೆ "ಹಸಿರು ನಗರ, ನಮ್ಮ ನಗರ." ಎರಡೂ ಬದಿಗೆ ಸಮುದ್ರ.

ಅಕ್ಬರಿ ಬೇಗಂ ಬುಟ್ಟಿಯನ್ನು ಬೊಡ್ಡೆಯ ಬುಡಕ್ಕೆ ತಂದಿಟ್ಟಳು.

ಮರುದಿನ ಸೂರ್ಯಕಾಂತ ಬೆವರು ಒರೆಸುತ್ತ ಅಂಗಡಿಗೆ ನುಗ್ಗಿದ. ಮೇಲಿನವರು ಬೈದಿದ್ದರಂತೆ, ಫೋಟೋ ಎಲ್ಲರ ಮೊಬೈಲಿಗೂ ಹೋಗಿತ್ತಂತೆ. ಸುಣ್ಣ ಕೇಳಿದ.

"ಸುಣ್ಣ ಅದ. ಹಚ್ಚೋರು ಯಾರು?" ಎಂದೆ.

ಅವನ ಪೇಂಟರುಗಳು ಆಗಲೇ ನಿಚ್ಚಣಿಕೆ ಮಡಚಿಟ್ಟು ಆ ಬದಿಯ ತೆಂಗಿನ ಕೆಳಗೆ ಕುಳಿತಿದ್ದರು. ಅಕ್ಷರಕ್ಕೆ ಸೊಲ್ಲಾಪುರದವನು ಬರಬೇಕು, ಬೊಡ್ಡೆಗೆ ಕಮಲಾಪುರದವಳು.

"ಆಕಿಗಿ ಫೋನ್ ಹಚ್ರಿ ಅಣ್ಣಾ."

"ಹಚ್ತೀನಿ. ಆಕಿ ಏನಂತಾಳ ನಿನಗೂ ಗೊತ್ತದ. ಸಾಹೇಬ್ರಿಗಿ ಕೇಳು, ಸಸಿ ಹಚ್ಚಾಕ ಟೈಲ್ಸ್ ಯಾವಾಗ ತಗಸ್ತಾರಂತ."

ಅವನು ಉತ್ತರ ಕೊಡುವ ಮೊದಲೇ ಎದುರಿಗೆ ಕೋಟನೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಗೆ ಬಂದು ಗೋಡೆಯತ್ತ ನೋಡಿದ, ಆಮೇಲೆ ಎಂದಿಗಿಂತ ದೊಡ್ಡ ದನಿಯಲ್ಲಿ ಕೂಗಿದ: "ಬೇವಿನ ಗಿಡಾ, ಇಳೀರಿ!"

ಇಳಿದವರು ಬೊಡ್ಡೆಯ ಮುಂದೆ, ಬಿಸಿಲಲ್ಲಿ, ಸೆರಗು ತಲೆಗೆಳೆದುಕೊಂಡು ನಿಂತರು.