ನೀರುನಾಯಿಯ ಅರ್ಥಗಾರಿಕೆ

ಮೊನ್ನೆ ಮೊದಲ ಮಳೆ ಬಿದ್ದ ಬೆಳಿಗ್ಗೆ ಕಪಾಟಿನ ಮೇಲಿಂದ ಹಳೆಯ ಕೊಡೆ ಇಳಿಸಿ ಬಿಡಿಸಿದೆ. ತಿಂಗಳುಗಟ್ಟಲೆ ಮಡಚಿಟ್ಟಿದ್ದ ಕಪ್ಪು ಬಟ್ಟೆಯ ಮುಗ್ಗು ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ನಾನರಿಯೆ. ನನಗೆ ಮಾತ್ರ ಸಿನಿಮಾ ನೆನಪಾಗುತ್ತದೆ. ಬಿಡಿಸಿದ ಕೊಡೆ ಹಿಡಿದುಕೊಂಡು ನಡುಮನೆಯಲ್ಲೇ ಎಷ್ಟು ಹೊತ್ತು ನಿಂತೆನೆಂದರೆ, ಅಲೆವೂರಿನಿಂದ ಮಣಿಪಾಲಕ್ಕೆ ಹೋಗುವ ನನ್ನ ದಿನದ ಬಸ್ಸು ಹಾರನ್ನು ಹೊಡೆದುಕೊಂಡು ಹೋಗಿಯೇ ಬಿಟ್ಟಿತು. ಅಡುಗೆಮನೆಯಲ್ಲಿದ್ದ ಅತ್ತೆ, ಮಳೆ ಹೊರಗೆ ಬರುತ್ತಿರುವುದಲ್ಲವೇ ಎಂದು ಕೇಳಿದರು.

ಅವರಿಗೆ ಆಗ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಾನು ಓದಿದ್ದು ಉಚ್ಚಿಲದ ಆಸುಪಾಸು, ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿದ್ದ ಒಂದು ಸರಕಾರಿ ಶಾಲೆಯಲ್ಲಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಮಳೆಗಾಲವೆಂದರೆ ಮೊದಲು ರಜೆಯ ಲೆಕ್ಕಾಚಾರ. ಬೆಳಗಾದರೆ ಪಾಠಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಟಿವಿಯ ಮುಂದೆ ಕುಳಿತು ಜಿಲ್ಲಾಧಿಕಾರಿಗಳು ಇವತ್ತು ಶಾಲೆಗೆ ರಜೆ ಕೊಟ್ಟರೋ ಇಲ್ಲವೋ ಎಂದು ನೋಡುತ್ತಿದ್ದೆವು. ರಜೆ ಸಿಗದ, ಆದರೆ ಸಿಗಬೇಕಿತ್ತು ಎನ್ನಿಸುವಂಥ ಮಳೆಯ ದಿನಗಳಲ್ಲಿ ಅರ್ಧ ತರಗತಿ ಬರುತ್ತಿರಲಿಲ್ಲ. ಬಂದ ಅರ್ಧದಲ್ಲಿ ನಾನು ಯಾವಾಗಲೂ ಇರುತ್ತಿದ್ದೆ. ಓದಿನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಅಂಥ ದಿನ ವಾರಿಜಾ ಟೀಚರ್ ಪಾಠ ಮಾಡುತ್ತಿರಲಿಲ್ಲ, ಸಿನಿಮಾ ಹಾಕುತ್ತಿದ್ದರು.

ವಾರಿಜಾ ಟೀಚರ್ ನಮ್ಮ ಏಳನೆಯ ತರಗತಿಯ ಕ್ಲಾಸ್ ಟೀಚರು. ಕಾರ್ಕಳದವರು, ಕಾಪುವಿನಲ್ಲಿ ಬಾಡಿಗೆಗೆ ಇದ್ದರು. ಹೊಸ ಪಾಠ ಮಾಡಿದರೆ ಬಾರದ ಮಕ್ಕಳಿಗೆ ಅನ್ಯಾಯ, ಸುಮ್ಮನೆ ಕೂರಿಸಿದರೆ ಒದ್ದೆಯಾಗಿ ಬಂದವರಿಗೆ ಅನ್ಯಾಯ ಎನ್ನುವುದು ಅವರ ಧರ್ಮಸಂಕಟ. ಶಾಲೆಯ ಹಳೆ ವಿದ್ಯಾರ್ಥಿಗಳು ಕೊಟ್ಟ ಪ್ರೊಜೆಕ್ಟರೊಂದು ಕಪಾಟಿನಲ್ಲಿ ಬೀಗದೊಳಗಿತ್ತು. ಟೀಚರ್ ತಮ್ಮ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಪರದೆಗೆ ಬಿಳಿ ಗೋಡೆ ಇತ್ತು. ಇಲ್ಲದ್ದು ಕತ್ತಲೆ. ಕಿಟಕಿಗಳಿಗೆ ಬಾಗಿಲೂ ಇಲ್ಲ, ಪರದೆಯೂ ಇಲ್ಲ. ಅದಕ್ಕೆ ಟೀಚರ್ ಕಂಡುಕೊಂಡ ಉಪಾಯವೇ ಕೊಡೆ. ಮಕ್ಕಳ ಕಪ್ಪು ಕೊಡೆಗಳನ್ನೆಲ್ಲ ಬಿಡಿಸಿ, ಕಿಟಕಿಯ ಸರಳುಗಳಿಗೆ ಸಿಕ್ಕಿಸಿದರೆ ತರಗತಿ ಟಾಕೀಸಾಗುತ್ತಿತ್ತು. ಕೊಡೆಯಲ್ಲಿ ತೂತಿದ್ದವನ ಮಾನ ಹೋಗುತ್ತಿತ್ತು, ಏಕೆಂದರೆ ಆ ತೂತಿನ ಬೆಳಕು ಸರಿಯಾಗಿ ಕಥಾನಾಯಕನ ಮೂಗಿನ ಮೇಲೆ ಬೀಳುತ್ತಿತ್ತು. ನನ್ನದು ಉಪ್ಪ, ಅಂದರೆ ನನ್ನ ತಂದೆ, ಗಲ್ಫಿನಿಂದ ತಂದ ಹೂವಿನ ಚಿತ್ರದ ಬಣ್ಣದ ಕೊಡೆ. ಊರಿಗೇ ತೋರಿಸಿಕೊಂಡು ಬರುತ್ತಿದ್ದ ಆ ಕೊಡೆಯನ್ನು ಟೀಚರ್ ಬೆಳಕಿಗೆ ಹಿಡಿದು ನೋಡಿ, ಕೆಲಸಕ್ಕೆ ಬಾರದೆಂದು ವಾಪಸು ಕೊಟ್ಟರು. ಆ ದಿನದಿಂದ ನನಗೆ ಕಪ್ಪು ಕೊಡೆಯ ಮೇಲೆ ವಿಶೇಷ ಗೌರವ.

ಸಿನಿಮಾ ಎಂದರೆ ಕಾರ್ಟೂನ್ ಸಿನಿಮಾ, ಇಂಗ್ಲಿಷಿನದು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಲ್ಯಾಪ್‌ಟಾಪಿನ ಪುಟ್ಟ ಸ್ವರ ಕೇಳುತ್ತಿರಲಿಲ್ಲ. ಕೇಳಿದರೂ ನಮಗೆ ಅರ್ಥವಾಗುತ್ತಿರಲಿಲ್ಲ. ಟೀಚರ್ ಮೊದಲ ದಿನವೇ ಸ್ವರ ಬಂದ್ ಮಾಡಿ, ಮಾತು ನಾವೇ ಆಡುವ ಎಂದರು. ಅವರ ಅಣ್ಣ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆ ಎಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಕುಳಿತು, ಬರೆದುಕೊಳ್ಳದೆ, ಆ ಹೊತ್ತಿಗೆ ಹೊಳೆದ ಮಾತಿನಿಂದಲೇ ಕಥೆ ನಡೆಸಬೇಕು, ಅದಕ್ಕೇ ಅರ್ಥಗಾರಿಕೆ ಎನ್ನುವುದು. ಆ ಮನೆಯಲ್ಲಿ ಬೆಳೆದ ಟೀಚರಿಗೆ ಗೋಡೆಯ ಮೇಲೆ ಬಾಯಿ ಆಡಿಸುವ ಪ್ರಾಣಿಗಳನ್ನು ಕಂಡಾಗ ಬೇರೇನು ತೋಚೀತು? ನೀನು ಕೊಕ್ಕರೆ, ನೀನು ಆಮೆ ಎಂದು ಪಾತ್ರ ಹಂಚಿದರು. ನಿಯಮ ಒಂದೇ. ಎದುರಿನವರು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ.

ಈ ನಿಯಮದಿಂದ ಆದ ಅನಾಹುತ ಕೇಳಿ. ಆ ವರ್ಷ ನಾವು ನೋಡಿದ್ದು ಒಂದೇ ಸಿನಿಮಾ. ಹೊಳೆಯೊಂದರಲ್ಲಿ ವಾಸಿಸುವ ನೀರುನಾಯಿ ಮತ್ತು ಅದರ ಮರಿಯ ಕಥೆ. ಹೆಸರು ನೆನಪಿಲ್ಲ, ಯಾವ ದೇಶದ್ದೆಂದೂ ತಿಳಿಯದು. ಅದರಲ್ಲಿ ಒಂದು ಮೀನಿಗಾಗಿ ಮರಿಗೂ ಕೊಕ್ಕರೆಗೂ ಸಣ್ಣ ಜಗಳವಿತ್ತು. ಸಿನಿಮಾದಲ್ಲಿ ಅರ್ಧ ನಿಮಿಷದ ಜಗಳ. ನಮ್ಮಲ್ಲಿ ಬೋಟಿನವರ ಮಕ್ಕಳೇ ಹೆಚ್ಚು. ದಡದಿಂದ ಎಷ್ಟು ದೂರದವರೆಗಿನ ಮೀನು ಯಾರಿಗೆ ಸೇರಿದ್ದು, ಬೇರೆಯವರ ಬಲೆ ತುಂಡರಿಸಿದರೆ ಯಾರು ಉತ್ತರ ಹೇಳಬೇಕು ಎಂದು ಮನೆಯಲ್ಲಿ ಕೇಳಿದ ವಾದವನ್ನೆಲ್ಲ ಅವರು ಕೊಕ್ಕರೆಯ ಬಾಯಿಗೆ ತುಂಬಿದರು. ಟೀಚರ್ ಚಿತ್ರವನ್ನು ನಿಲ್ಲಿಸಿದ್ದರು. ಬಡಪಾಯಿ ಕೊಕ್ಕರೆ ಇಡೀ ಪೀರಿಯಡ್ಡು ಒಂದೇ ಕಾಲಿನಲ್ಲಿ ಗೋಡೆಯ ಮೇಲೆ ನಿಂತಿತ್ತು. ಮುಂದಿನ ಮಳೆಯ ದಿನವೂ ಅಲ್ಲೇ ನಿಂತಿತ್ತು. ಜೂನಿನಲ್ಲಿ ಶುರುವಾದ ಸಿನಿಮಾ ಸೆಪ್ಟೆಂಬರಿನವರೆಗೆ ಎಳೆಯಿತೆಂದರೆ ನೀವು ನಂಬಬೇಕು. ಲೋಕದಲ್ಲಿ ಬೇರೆ ಯಾರೂ ಕಾರ್ಟೂನನ್ನು ಅಷ್ಟು ನಿಧಾನವಾಗಿ ನೋಡಿರಲಾರರು.

ಇಷ್ಟೆಲ್ಲ ಮಾತಿನ ನಡುವೆ ನನ್ನ ಪಾತ್ರ ಏನೆಂದು ಕೇಳುತ್ತೀರಾ? ಬಂಡೆ. ಒಮ್ಮೆ ಮರವೂ ಆಗಿದ್ದೆ. ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ, ಗೆಳತಿಯರ ಜೊತೆ ತುಳು. ಕನ್ನಡವೆಂದರೆ ಪುಸ್ತಕದೊಳಗೆ ಇರುವಂಥದ್ದು, ಟೀಚರ್ ಕೇಳಿದರೆ ಮಾತ್ರ ಹೊರಗೆ ತೆಗೆಯುವಂಥದ್ದು. ತೆಗೆದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಆದುದರಿಂದ ಬಂಡೆಯಾಗಿ ನಾನು ಪರಮ ಸುಖದಲ್ಲಿದ್ದೆ.

ಮರಿಯ ಪಾತ್ರ ಸುಪ್ರೀತಾಳದು. ಅವಳ ತಂದೆ ಮಲ್ಪೆಯಿಂದ ಬೋಟಿಗೆ ಹೋಗುತ್ತಿದ್ದರು. ತರಗತಿಯಲ್ಲಿ ಅವಳಷ್ಟು ಮಾತುಗಾರ್ತಿ ಇನ್ನೊಬ್ಬಳಿರಲಿಲ್ಲ. ‘ತಂದೆಯವರೇ, ತಮ್ಮ ಅಪ್ಪಣೆಯಾದರೆ’ ಎಂದು ನೀರುನಾಯಿಯ ಮರಿಯನ್ನು ರಾಜಕುಮಾರನಂತೆ ಮಾತಾಡಿಸುತ್ತಿದ್ದಳು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದವು. ಮೊದಲ ವಾರವೇ ಅವಳ ತಂದೆ ಇದ್ದ ಬೋಟು ಮಗುಚಿತು. ಉಳಿದವರು ಈಜಿ ದಡ ಸೇರಿದರು. ಅವರು ಸೇರಲಿಲ್ಲ.

ಸುಪ್ರೀತಾ ಶಾಲೆಗೆ ಮರಳಿ ಬಂದಳು, ಆದರೆ ಮಾತು ಬರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವುದಷ್ಟೆ. ಅವಳೆದುರು ನಾವು ಕಡಲು ಎನ್ನುತ್ತಿರಲಿಲ್ಲ, ಬೋಟು ಎನ್ನುತ್ತಿರಲಿಲ್ಲ, ಅಪ್ಪ ಎನ್ನುವ ಪದ ನಾಲಗೆಗೆ ಬಂದರೆ ನುಂಗಿಕೊಳ್ಳುತ್ತಿದ್ದೆವು. ದೊಡ್ಡವರೂ ಹಾಗೆಯೇ. ಮಲಗಿಸಿದ ಮಗು ಏಳಬಾರದೆಂಬಂತೆ ಊರಿಡೀ ಅವಳ ಸುತ್ತ ಮೆಲ್ಲಗೆ ನಡೆಯುತ್ತಿತ್ತು. ಈ ವರ್ಷ ಮನೆಯಲ್ಲೇ ಇರಲಿ, ಶಾಲೆ ಮುಂದೆ ನೋಡಿದರಾಯಿತು ಎಂದು ಅವಳ ಮಾವಂದಿರು ಹೇಳತೊಡಗಿದ್ದರು. ಇನ್ನು ಕೆಲವು ದಿನ ಹೀಗೇ ಹೋದರೆ ಅವಳು ಬರುವುದು ನಿಲ್ಲುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಸೆಪ್ಟೆಂಬರಿನ ಒಂದು ಜಡಿಮಳೆಯ ದಿನ ಟೀಚರ್ ಪುನಃ ಪ್ರೊಜೆಕ್ಟರ್ ತೆಗೆದರು. ಕೊಡೆಗಳು ಕಿಟಕಿ ಏರಿದವು. ಸುಪ್ರೀತಾ ಮರಿ ಎಂದರು ಟೀಚರ್, ಏನೂ ಆಗದವರಂತೆ. ತಂದೆಯ ಪಾತ್ರಕ್ಕೆ ಯಾರನ್ನು ಕರೆಯುತ್ತಾರೆಂದು ನೋಡುತ್ತಿದ್ದೇವೆ, ಅವರ ಬೆರಳು ನನ್ನ ಕಡೆಗೆ ತಿರುಗಿತು. ಬಂಡೆಗೆ ಬಡ್ತಿ ಸಿಕ್ಕಿತೆಂದು ಯಾರೋ ನಕ್ಕರು.

ಗೋಡೆಯ ಮೇಲೆ ಹೊಳೆಗೆ ನೆರೆ ಬಂದಿತ್ತು. ದೊಡ್ಡ ನೀರುನಾಯಿ ಮರಿಯನ್ನು ತೇಲುವ ಮರದ ತುಂಡಿನ ಮೇಲೆ ತಳ್ಳಿತು. ತಾನು ಕೈ ಜಾರಿ ಸೆಳೆತಕ್ಕೆ ಸಿಕ್ಕಿತು. ಅದು ಬಾಯಿ ತೆರೆದು ಏನೋ ಹೇಳುತ್ತಿರುವಲ್ಲಿಗೆ ಟೀಚರ್ ಚಿತ್ರ ನಿಲ್ಲಿಸಿದರು. ಮುಂದೆ ಏನೆಂದು ಎಲ್ಲರಿಗೂ ತಿಳಿದುಹೋಗಿತ್ತು. ಇದು ಬೇಡ, ಬೇರೆ ಹಾಕುವ ಎಂದು ಮುಂದಿನ ಬೆಂಚಿನವನೊಬ್ಬ ಮೆಲ್ಲಗೆ ಹೇಳಿದ. ಟೀಚರಿಗೆ ಕೇಳಿಸಲಿಲ್ಲ ಎಂದುಕೊಂಡೆವು.

ಸುಪ್ರೀತಾ ಎದ್ದು ನಿಂತಳು. ತಂದೆಯವರೇ ಎನ್ನಲಿಲ್ಲ.

“ಪಪ್ಪಾ, ನೀವು ಎಂತಕ್ಕೆ ಹೋದದ್ದು? ಗಾಳಿ ಉಂಟು, ಇವತ್ತು ಬೇಡ ಅಂತ ಅಮ್ಮ ಹೇಳಿದ್ರಲ್ಲ?”

ನೀರುನಾಯಿಯ ಕಥೆಯಲ್ಲಿ ಅಮ್ಮನೇ ಇರಲಿಲ್ಲ. ನಾನು ಗೋಡೆ ನೋಡಿದೆ, ಟೀಚರನ್ನು ನೋಡಿದೆ. ಕೇಳಿದ ಮೇಲೆ ಉತ್ತರ ಕೊಡಲೇಬೇಕು. ನನಗೆ ತಂದೆಯಾದವನ ಮಾತು ಎಂದು ಗೊತ್ತಿದ್ದದ್ದು ಉಪ್ಪ ಗಲ್ಫಿಗೆ ಹೊರಡುವಾಗ ಗೇಟಿನ ಬಳಿ ಹೇಳುತ್ತಿದ್ದ ಮಾತು ಮಾತ್ರ. ಪ್ರತಿ ಸಲವೂ ಅವರು ಅದನ್ನೇ ಹೇಳುತ್ತಿದ್ದರು. ಹೋಗಲಿಕ್ಕೆ ಮನಸ್ಸಿಲ್ಲ, ನಿಮಗೆ ಬೇಕಾಗಿ ಹೋಗುವುದು, ಶಾಲೆ ತಪ್ಪಿಸಬೇಡ, ಬೇಗ ಬರ್ತೇನೆ. ಅದನ್ನೇ ತಡವರಿಸುತ್ತ ಕನ್ನಡಕ್ಕೆ ತಿರುಗಿಸಿದೆ.

“ನನಗೆ ಹೋಗ್ಲಿಕ್ಕೆ ಮನಸ್ಸಿರ್ಲಿಲ್ಲ. ನಿಮಗೆ ಬೇಕಾಗಿ ಹೋದದ್ದು. ನೀನು ಶಾಲೆ ತಪ್ಪಿಸಬೇಡ.”

ಕೊನೆಯ ಮಾತು ಬಾಯಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಸುಪ್ರೀತಾ ಕಾಯುತ್ತಿದ್ದಳು.

“ಇನ್ನು ಬರುದಿಲ್ವಾ?”

“ಇಲ್ಲ” ಎಂದೆ. “ಬರ್ಲಿಕ್ಕೆ ಆಗುದಿಲ್ಲ.”

ಅವಳು ಬೆಂಚಿನ ಮೇಲೆ ಕುಸಿದು ಅತ್ತಳು. ಅಂಥ ಅಳುವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಳೆಯ ಸದ್ದೂ ಅದನ್ನು ಮುಚ್ಚಲಿಲ್ಲ. ಟೀಚರ್ ಓಡಿ ಬಂದು ಅವಳನ್ನು ಅಪ್ಪಿಕೊಂಡು ಕುಳಿತರು. ನಾವೆಲ್ಲ ಅತ್ತೆವು, ಕೊಕ್ಕರೆಯೂ ಆಮೆಯೂ ಸೇರಿ. ನಾನು ಏನೋ ಮಹಾಪರಾಧ ಮಾಡಿದ್ದೇನೆಂದುಕೊಂಡು ಮನೆಗೆ ಹೋದೆ. ಮರುದಿನ ಸುಪ್ರೀತಾ ಬಂದಳು. ಹಾಜರಿಗೆ ಕೈ ಎತ್ತದೆ ಬಾಯಿಬಿಟ್ಟು ಉತ್ತರಿಸಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಕೊಕ್ಕರೆಯ ಪಾತ್ರದವನಿಗೆ ಅವನ ವಾದದಲ್ಲಿ ಹುರುಳಿಲ್ಲವೆಂದು ಜೋರು ಮಾಡುತ್ತಿದ್ದಳು. ಶಾಲೆ ಬಿಡುವ ಮಾತು ಆಮೇಲೆ ಬರಲಿಲ್ಲ. ಈಗ ಅವಳು ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನ ಆಫೀಸು ನೋಡಿಕೊಳ್ಳುತ್ತಾಳೆ. ಅವಳ ಜೊತೆ ವಾದಕ್ಕೆ ನಿಲ್ಲಲು ಬೋಟಿನ ಯಜಮಾನರೂ ಹೆದರುತ್ತಾರೆ.

ಮೊನ್ನೆ ಬಸ್ಸು ತಪ್ಪಿದ ಮೇಲೆ ನಾನು ಅವಳಿಗೇ ಫೋನು ಮಾಡಿ ಟೀಚರ ನಂಬರು ತೆಗೆದುಕೊಂಡೆ. ಟೀಚರ್ ನಿವೃತ್ತಿಯಾಗಿ ಕಾರ್ಕಳದಲ್ಲಿದ್ದಾರೆ. ನನ್ನ ಸ್ವರ ಗುರುತಿಸಿ, ಎಂತ ಮಾಡ್ತಾ ಇದ್ದಿ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿದರು. ಮಾತು ನೀರುನಾಯಿಗೆ ಬಂತು. ಆ ದೃಶ್ಯ ಇರುವುದು ಗೊತ್ತಿಲ್ಲದೆ ಹಾಕಿ ನಿಮಗೆ ಎಷ್ಟು ಗಾಬರಿಯಾಗಿರಬೇಕಲ್ಲ ಎಂದೆ. ಇಷ್ಟು ವರ್ಷವೂ ನಾನು ಹಾಗೆಯೇ ತಿಳಿದಿದ್ದೆ.

“ನೋಡದೆ ಮಕ್ಕಳಿಗೆ ಹಾಕ್ಲಿಕ್ಕೆ ಉಂಟಾ?” ಎಂದರು ಟೀಚರ್. “ಗೊತ್ತಿದ್ದೇ ಹಾಕಿದ್ದು. ಆ ಹುಡುಗಿಯ ಹತ್ತಿರ ಯಾರೂ ಆ ಮಾತೇ ಎತ್ತುತ್ತಿರಲಿಲ್ಲ. ಅವಳಿಗೆ ಕೇಳ್ಲಿಕ್ಕೆ ಒಂದು ಜಾಗ ಬೇಕಿತ್ತು.” ಮತ್ತೆ ಅವರೇ ಹೇಳಿದರು, “ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಇವತ್ತಿಗೂ ಗೊತ್ತಿಲ್ಲ ಮಾರಾಯ್ತಿ. ಈಗಲೂ ಒಮ್ಮೊಮ್ಮೆ ನಿದ್ದೆ ಬರುದಿಲ್ಲ.”

ಆಗ ನಾನು ಅವರಿಗೆ ಒಂದು ಮಾತು ಹೇಳಿದೆ. ನನ್ನ ಮದುವೆಗೆ ಬಂದಿದ್ದಾಗ ಸುಪ್ರೀತಾ ನನ್ನ ಕಿವಿಯಲ್ಲಿ ಹೇಳಿದ್ದು. ಅವತ್ತು ನೀನು ಬರ್ತೇನೆ ಅಂತ ಹೇಳಿದ್ದರೆ ನಾನು ಇವತ್ತಿಗೂ ಕಾಯ್ತಾ ಇರ್ತಿದ್ದೆ ಎಂದಿದ್ದಳು. ಕರೆ ಕಡಿದುಹೋಯಿತೋ ಎಂದು ನಾನು ಎರಡು ಸಲ ಟೀಚರ್, ಟೀಚರ್ ಎಂದೆ. ಇದ್ದೇನೆ ಎಂದರು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಅಷ್ಟು ಚೆನ್ನಾಗಿ ಮಾತಾಡುವವರಿದ್ದರೂ ತಂದೆಯ ಪಾತ್ರ ನನಗೇ ಏಕೆ ಕೊಟ್ಟಿರಿ ಎಂದು ಕೊನೆಗೆ ಕೇಳಿದೆ.

“ಚೆನ್ನಾಗಿ ಮಾತಾಡುವವರು ಭಾಷಣ ಮಾಡ್ತಿದ್ದರು” ಎಂದರು ಟೀಚರ್. “ಸಮಾಧಾನ ಹೇಳ್ತಿದ್ದರು. ನಿನ್ನ ಹತ್ತಿರ ಅಷ್ಟು ಕನ್ನಡ ಇರ್ಲಿಲ್ಲ. ಇದ್ದಷ್ಟರಲ್ಲಿ ನೀನು ಸುಳ್ಳು ಹೇಳುದಿಲ್ಲ ಅಂತ ನನಗೆ ಗೊತ್ತಿತ್ತು.”

ಬಾರದ ಕನ್ನಡಕ್ಕಾಗಿ ಆ ವಯಸ್ಸಿನಲ್ಲಿ ನಾನು ಪಟ್ಟ ನಾಚಿಕೆಗೆ ಲೆಕ್ಕವಿಲ್ಲ. ನಮ್ಮ ತರಗತಿಯಲ್ಲಿ ಅದನ್ನೇ ನಂಬಿಕೊಂಡ ಒಬ್ಬರಿದ್ದರೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಫೋನು ಇಟ್ಟ ಮೇಲೆ ಅವರಿಗೆ ಕೃತಜ್ಞತೆ ಹೇಳಲೆಂದು ಮನಸ್ಸಿನಲ್ಲಿ ದೊಡ್ಡ ದೊಡ್ಡ ವಾಕ್ಯಗಳು ಬಂದವು, ಈಗ ನನಗೆ ಕನ್ನಡಕ್ಕೇನೂ ಬರವಿಲ್ಲ. ಅವನ್ನೆಲ್ಲ ಬಿಟ್ಟೆ. ಪುನಃ ಫೋನು ಮಾಡಿ, “ಟೀಚರ್, ನೀವು ಮಾಡಿದ್ದು ಸರಿ” ಎಂದಷ್ಟೇ ಹೇಳಿದೆ.