ಬಸ್ಸಿಗೆಂದು ಕೊಟ್ಟ ನೀರು

ಗೊರೂರಿನ ಕಮಲಾಕ್ಷಮ್ಮನಿಗೆ ಸುಮ್ಮನೆ ಕೂತು ಉಣ್ಣುವುದು ಬಾರದು. ಗಂಡನಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ. ಅಣೆಕಟ್ಟೆಯ ಪಕ್ಕದ ಕ್ವಾರ್ಟರ್ಸಿನಲ್ಲಿ ವಾಸ. ನಲ್ಲಿಯಲ್ಲಿ ಹಗಲೂ ರಾತ್ರಿ ನೀರು. ಹೋದ ಬೇಸಿಗೆಯಲ್ಲಿ ಹೈಸ್ಕೂಲಿನ ಗೆಳತಿ ಸರ್ವಮಂಗಳ, "ಎರಡು ದಿನ ಆರಾಮಾಗಿ ಇದ್ದೋಗು ಬಾರೇ" ಎಂದು ಬಲವಂತ ಮಾಡಿದ್ದಕ್ಕೆ ಬೆಂಗಳೂರಿಗೆ ಹೋದಳು. ಶನಿವಾರ ಲಾಲ್‌ಬಾಗು, ಮಸಾಲೆ ದೋಸೆ, ಎಲ್ಲವೂ ಗೆಳತಿಯದೇ ಉಪಚಾರ. ಅದು ಇವಳಿಗೆ ಚುಚ್ಚುತ್ತಿತ್ತು.

ಭಾನುವಾರ ಸರ್ವಮಂಗಳ ತರಕಾರಿಗೆ ಹೋದದ್ದೇ ತಡ, ಕಮಲಾಕ್ಷಮ್ಮ ಸೆರಗು ಸಿಕ್ಕಿಸಿ, ಬಚ್ಚಲಿನ ಡ್ರಮ್ಮಿನಿಂದ ನೀರು ಮೊಗೆದು ಮನೆಯೆಲ್ಲ ತೊಳೆದಳು, ಕರ್ಟನ್ನುಗಳನ್ನೂ ಒಗೆದಳು. ಡ್ರಮ್ಮು ಬರಿದಾಯಿತು. ನಲ್ಲಿ ತಿರುಗಿಸಿದರೆ ಬರೀ ಗಾಳಿ.

ಗೆಳತಿ ಬಂದವಳು ಬರಿದಾದ ಡ್ರಮ್ಮಿನೊಳಗೆ ಇಣುಕಿದಳು. "ಟ್ಯಾಂಕರ್ ಇನ್ನು ಬುಧವಾರವೇ ಬರೋದು. ಇರ್ಲಿ ಬಿಡು."

"ಮೊದ್ಲೇ ಯೋಳ್ಬಾರ್ದಿತ್ತಾ?" ಕಮಲಾಕ್ಷಮ್ಮ ರೇಗಿದಳು.

"ಮನೆಗ್ ಬಂದೋರ್ಗೆ ನೀರಿನ್ ಲೆಕ್ಕ ಯೋಳಕ್ಕಾಯ್ತದೇನೇ?" ಎಂದ ಸರ್ವಮಂಗಳ ಬಿಂದಿಗೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಲು ಹೋದಳು.

ಬೇಡಿ ತಂದ ಆ ನೀರಿನಲ್ಲೇ ಒಂದು ಬಾಟಲಿ ತುಂಬಿಸಿ, ಬೇಡವೆಂದರೂ ಕೇಳದೆ, ಬಸ್ಸಿಗೆಂದು ಕೊಟ್ಟಳು. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಕಮಲಾಕ್ಷಮ್ಮನ ಗಂಟಲು ಒಣಗಿತ್ತು. ಬಾಟಲಿ ತೊಡೆಯ ಮೇಲೇ ಇತ್ತು. ಮುಚ್ಚಳ ತೆಗೆಯಲು ಕೈ ಏಳಲಿಲ್ಲ.